ಉಪ್ಪು ನೀರು ಸುರಿದ ನೆಲ

ಬೆಳಗಿನ ಕಾಫಿ ಬಾಯಿಗಿಡುವಷ್ಟರಲ್ಲಿ ಹುಲ್ಲಹಳ್ಳಿ ಠಾಣೆಗೆ ದೂರು ಬಂತು. ಇನ್ಸ್‌ಪೆಕ್ಟರ್ ಸೋಮಶೇಖರ್ ಲೋಟ ಕೆಳಗಿಟ್ಟರು. ಈ ನೌಕರಿಯಲ್ಲಿ ಅವರು ಬಿಸಿ ಕಾಫಿ ಕುಡಿದದ್ದೇ ಅಪರೂಪ. ದೂರುದಾರ ನಿಂಗರಾಜು. ಅವನ ಹೆಂಡತಿ ದೇವೀರಮ್ಮ ಪಕ್ಕದ ಮನೆಯ ಹಿತ್ತಲಲ್ಲಿ ಕರೆಂಟು ಹೊಡೆದು ಸತ್ತಿದ್ದಳು.

"ಆ ಪಕ್ಕದ್ಮನೆ ರಂಗಸ್ವಾಮೀನೇ ಸಾಯ್ಸಿರದು ಸಾ. ಬೇಲಿ ಜಗಳ ಆದಾಗಿಂದ ಮಾತಿಲ್ಲ, ಕತೆ ಇಲ್ಲ."

"ಮತ್ತೆ ನಿಮ್ಮನೆಯವರು ಅಲ್ಲಿಗೆ ಯಾಕೆ ಹೋಗಿದ್ದರು?"

"ಅದೇ ಗೊತ್ತಾಯ್ತಿಲ್ಲ ಸಾ."

ಎಫ್‌ಐಆರ್ ದಾಖಲಿಸಿ ಒಂಬತ್ತಕ್ಕೆ ಸ್ಥಳಕ್ಕೆ ಹೋದರು. ಊರವರು ಒಣ ಬಿದಿರಿನಿಂದ ಹೆಣವನ್ನು ಆಚೆಗೆಳೆದಿದ್ದರು. ಹಿತ್ತಲಲ್ಲಿ ಕಬ್ಬಿಣದ ಪೈಪೊಂದನ್ನು ನೆಲಕ್ಕೆ ಹೂತು, ಅದರಿಂದ ವೈರನ್ನು ಕಿಟಕಿಯೊಳಗೆ ಎಳೆಯಲಾಗಿತ್ತು. ಪಕ್ಕದಲ್ಲಿ ಸ್ಟೀಲ್ ಬಿಂದಿಗೆ ಉರುಳಿತ್ತು. ಸುತ್ತಲಿನ ಮಣ್ಣು ಬೆಳ್ಳಗೆ ಉಪ್ಪು ಕಟ್ಟಿತ್ತು. ಕಾನ್‌ಸ್ಟೆಬಲ್ ಶಿವಸ್ವಾಮಿ ಫ್ಯೂಸ್ ಕೀಳಲು ಹೋದ.

"ಬ್ಯಾಡಿ ಸಾ, ಅವ್ವನ ಉಸ್ರು ಅದ್ರಲ್ಲೈತೆ." ರಂಗಸ್ವಾಮಿ ಅಡ್ಡ ಬಂದ.

ಒಳಗೆ ಅವನ ತಾಯಿ ಚಾಮುಂಡಮ್ಮನ ಮೂಗಿಗೆ ನಳಿಗೆ. ಪಕ್ಕದಲ್ಲಿ ಆಕ್ಸಿಜನ್ ಮಿಷಿನ್ ಗುಂಯ್‌ಗುಡುತ್ತಿತ್ತು. ಸೋಮಶೇಖರ್ ಸಿಲಿಂಡರ್ ಇರುವ ಆಂಬುಲೆನ್ಸ್ ಕರೆಸಿದರು. ಅದು ಬರುವವರೆಗೆ ಪಂಚನಾಮೆ ನಿಂತೇ ಇತ್ತು.

"ಈ ಪೈಪ್ ಯಾಕೆ ಹಾಕಿದೆ?"

"ಗಾಳಿಗೆ ಕರೆಂಟು ವಾಪಸ್ ಹೋಗೋ ನ್ಯೂಟ್ರಲ್ ತಂತಿ ಅರ್ದೋಯ್ತು ಸಾ. ಅವ್ವ ಒದ್ದಾಡ್ತಿತ್ತು. ಲೈನ್‌ಮನ್ ಬರಗಂಟ ಕಾಯಕ್ಕಾಗ್ನಿಲ್ಲ. ಭೂಮಿನೇ ನ್ಯೂಟ್ರಲ್ ಮಾಡ್ಕಂಡೆ."

ಒಣ ನೆಲದಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಬರೀ ನೀರಿಗಿಂತ ಉಪ್ಪು ನೀರು ಅದನ್ನು ಚೆನ್ನಾಗಿ ಒಯ್ಯುತ್ತದೆ. ಪಂಪ್‌ಸೆಟ್ಟಿನವರು ಅರ್ಥಿಂಗ್ ಗುಂಡಿಗೆ ಉಪ್ಪು ಸುರಿಯುವುದೂ ಇದಕ್ಕೇ. ಪೈಪಿನಲ್ಲಿ ಕರೆಂಟು ಇರುತ್ತಿದ್ದುದರಿಂದ ರಂಗಸ್ವಾಮಿ ದೂರ ನಿಂತು ಪ್ಲಾಸ್ಟಿಕ್ ಬಕೆಟ್ಟಿನಿಂದ ಉಪ್ಪು ನೀರು ಸುರಿಯುತ್ತಿದ್ದ.

"ಇವತ್ತು ಸುರಿದದ್ದು ಯಾರು?"

ರಂಗಸ್ವಾಮಿ ನೆಲ ನೋಡಿದ. "ನಂಗೆ ನೈಟ್ ಶಿಫ್ಟು. ಮಿಷಿನ್ ಡಲ್ಲಾದ್ರೆ ಒಸಿ ಉಪ್ನೀರು ಹಾಕಕ್ಕ ಅಂತ ದೇವೀರಕ್ಕನ್ನ ಕೇಳ್ಕಂಡಿದ್ದೆ. ಅಕ್ಕ ಗಂಡನ್ಗೆ ಗೊತ್ತಾಗ್ದಂಗೆ ಬಂದು ಹಾಕೋರು. ಪೈಪ್‌ಗೆ ಬಿಂದ್ಗೆ ತಗಲಿಸ್ಬ್ಯಾಡ ಅಂತ ಮಾತ್ರ ಯೋಳ್ನಿಲ್ಲ ಸಾ. ನನ್ ಬಾಯಿಗೇನಾಗಿತ್ತೋ."

ಬೇಲಿಯ ಹತ್ತಿರ ನಿಂತಿದ್ದ ನಿಂಗರಾಜು ಎಲ್ಲವನ್ನೂ ಕೇಳಿಸಿಕೊಂಡ.

ನಿರ್ಲಕ್ಷ್ಯದಿಂದ ಸಾವು ಎಂದು ಬರೆದುಕೊಂಡು ರಂಗಸ್ವಾಮಿಯನ್ನು ಬಂಧಿಸಿದರು. ತಾಯಿಯ ಉಸಿರಿಗಾಗಿ ಮಾಡಿದ್ದು ಎಂದು ಬರೆಯಲು ಕಾಗದದಲ್ಲಿ ಜಾಗವಿಲ್ಲ. ಸೋಮಶೇಖರ್‌ಗೆ ಸಾಕಾಗಿಹೋಗಿತ್ತು.

ಚಾಮುಂಡಮ್ಮನನ್ನು ಸ್ಟ್ರೆಚರ್ ಮೇಲೆ ಮಲಗಿಸಿದರು. ಆಕೆ ಸುತ್ತಲೂ ಹುಡುಕಿದಳು. "ದೇವಿ ಎಲ್ಲಿ? ಅವ್ಳು ನೀರು ಉಯ್ದ ಮ್ಯಾಲೇ ಉಸ್ರು ಸಲೀಸಾಗಿದ್ದು. ಉಯ್ದು ಬಂದು ಕಾಪಿ ತತ್ತೀನಿ ಅಂದಿದ್ಲು, ಇನ್ನೂ ಬರ್ನಿಲ್ಲ."

ಎತ್ತಲು ಒಬ್ಬ ಆಳು ಕಡಿಮೆಯಿತ್ತು. ನಿಂಗರಾಜು ಬೇಲಿ ದಾಟಿ ಬಂದು ಸ್ಟ್ರೆಚರಿನ ಒಂದು ತುದಿ ಹಿಡಿದ.