ಪರಮಶಿವಯ್ಯನವರ ಲಾರಿಯ ಬಾನೆಟ್

ಪುಟ್ಟಗಂಗಮ್ಮ ವನಜಾಕ್ಷಮ್ಮನವರ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಾಗ ಈರಣ್ಣನ ಕೈಯಲ್ಲಿದ್ದ ಕಾಫಿ ಇನ್ನೂ ಅರ್ಧ ಲೋಟ ಉಳಿದಿತ್ತು. ಅದು ಹಾಗೇ ಉಳಿಯಿತು. ಆಕೆ ಯಾಕೆ ಬಂದಳೆಂದು ಅವನಿಗೆ ಗೊತ್ತಿತ್ತು.

“ನೀವೇ ಕಾಪಾಡ್ಬೇಕು ಕಣ್ರಮ್ಮ. ನಮ್ಮನೆಯೋರ್ನ ಕಳ್ಳ ಅಂದವ್ರೆ. ನಾಳೆ ಶುಕ್ರವಾರದೊಳಗೆ ಬ್ಯಾಟ್ರಿ ತಂದು ಇಕ್ಕದಿದ್ರೆ ಪೊಲೀಸ್ಗೆ ಬರ್ಕೊಡ್ತಾರಂತೆ. ಮಗಳು ಶಿಲ್ಪ ಮೂರು ದಿನದಿಂದ ಸ್ಕೂಲಿಗೆ ಹೋಗಿಲ್ಲ. ಕಳ್ಳನ ಮಗಳು ಅಂತ ಆಡ್ಕೋತಾರಂತೆ.”

ಆಕೆ ಬೇಡಿಕೊಂಡದ್ದು ವನಜಾಕ್ಷಮ್ಮನವರನ್ನು. ದಂಡಿನಶಿವರದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತು, ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಮನೆಯೊಳಗಿನ ಜಗಳ ಹೇಳುತ್ತಿದ್ದ ಹೆಂಗಸು ಅವರು. ನಿವೃತ್ತಿಯಾದ ಮೇಲೆ ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಜಗಲಿಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡ್ ಬಳಿ ಗ್ಯಾರೇಜ್ ಇಟ್ಟಿದ್ದ ಈರಣ್ಣ ಅವರಿಗೆ ಮೊಪೆಡ್ಡೂ ಹೌದು, ಬಲಗೈಯೂ ಹೌದು.

ವಿಷಯ ಇಷ್ಟು. ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನವರ ಹಳೇ ಲಾರಿಗೆ ಪುಟ್ಟಗಂಗಮ್ಮನ ಗಂಡ ದುರ್ಗಯ್ಯ ಡ್ರೈವರು. ಭಾನುವಾರ ಬೆಳಗ್ಗೆ ಅವನು ಧಣಿಗಳ ಮನೆಯವರನ್ನು ಕಾರಿನಲ್ಲಿ ಸಂಪಿಗೆ ಊರಿನ ದೇವಸ್ಥಾನಕ್ಕೆ ಕರೆದೊಯ್ದು ಕತ್ತಲಾದ ಮೇಲೆ ಬಂದ. ಧಣಿಗಳ ಮನೆಯಲ್ಲೇ ಊಟ ಮಾಡಿ, ಕೀ ಕೊಟ್ಟು, ಮನೆಗೆ ಹೋದ. ಸೋಮವಾರ ಬೆಳಗ್ಗೆ ಆರೂವರೆಗೆ ಕೀ ಇಸಿದುಕೊಂಡು ತಿರುಗಿಸಿದರೆ ಲಾರಿ ಉಸಿರೇ ಎತ್ತಲಿಲ್ಲ. ಬಾನೆಟ್ ತೆಗೆಯೋಣವೆಂದರೆ ಲಾಕ್ ಬಿಡಲಿಲ್ಲವಂತೆ. ಈರಣ್ಣನಿಗೆ ಹೇಳಿ ಕಳಿಸಿದರು. ಅವನು ಹೋದದ್ದು ಹನ್ನೊಂದಕ್ಕೆ. ಎರಡೇ ಬೆರಳಿಗೆ ಬಾನೆಟ್ ಎದ್ದು ನಿಂತಿತು. ಒಳಗೆ ಬ್ಯಾಟರಿ ಇರಲಿಲ್ಲ.

ದುರ್ಗಯ್ಯ ಸುಳ್ಳುಗಾರನಾಗಲು ಅಷ್ಟೇ ಸಾಕಾಗಿತ್ತು. ಅದರ ಮೇಲೆ ಪರಮಶಿವಯ್ಯನವರ ಬಾಮೈದ ಕಾಂತೇಶ್, “ಸೋಮವಾರ ಆರು ಗಂಟೆಗೆ ಇವ್ನು ಬಾನೆಟ್ ಎತ್ಕೊಂಡು ಏನೋ ಗೋಣಿಚೀಲಕ್ಕೆ ತುಂಬ್ತಿದ್ದ, ಕಣ್ಣಾರೆ ಕಂಡೆ” ಎಂದ.

ಮಧ್ಯಾಹ್ನ ಇಬ್ಬರೂ ಪರಮಶಿವಯ್ಯನವರ ಅಂಗಳಕ್ಕೆ ಹೋದರು. ಧಣಿ ಹಠಕ್ಕೆ ಬಿದ್ದು, ಸರಕನ್ನು ಬೇರೆ ಗಾಡಿಯಲ್ಲಿ ಕಳಿಸಿ, ಈ ಲಾರಿಯನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ವನಜಾಕ್ಷಮ್ಮ ಬಾನೆಟ್ ಎತ್ತಿದರು. ಸರಾಗವಾಗಿ ಬಂತು. ಲಾಕಿನೊಳಗೆ ಬೆರಳು ಆಡಿಸಿ, ಮೂಸಿ, ಸೆರಗಿಗೆ ಒರೆಸಿಕೊಂಡರು.

“ಈ ಲಾಕ್ ನೋಡಿದ್ದು ನೀನೇ ಅಲ್ವೇನೋ ಈರಣ್ಣ?”

“ಹೂಂ ಕಣಮ್ಮ. ಹೋದ ಶನಿವಾರ ಮಧ್ಯಾಹ್ನ. ಬಿಗಿ ಹಿಡ್ಕೊಂಡಿತ್ತು.”

“ಏನು ಹಾಕ್ದೆ?”

“ಗ್ರೀಸು.”

ಇಲ್ಲಿ ಈರಣ್ಣ ಸುಳ್ಳು ಹೇಳಿದ. ಓದುವವರಿಂದ ಮುಚ್ಚಿಡುವುದು ನ್ಯಾಯವಲ್ಲ. ವನಜಾಕ್ಷಮ್ಮ ಅವನನ್ನೇ ಒಂದು ಗಳಿಗೆ ಹೆಚ್ಚಾಗಿ ನೋಡಿದರು. ಇಷ್ಟು ವರ್ಷ ಅವರ ಜೊತೆ ನಿಂತು ಊರವರನ್ನೆಲ್ಲ ಅನುಮಾನಿಸಿದ್ದ ಈರಣ್ಣನಿಗೆ, ಆ ನೋಟದ ಎದುರು ನಿಲ್ಲುವುದು ಎಷ್ಟು ಕಷ್ಟವೆಂದು ಅವತ್ತೇ ತಿಳಿದದ್ದು.

ಹಿಂದಿನ ತೆಂಗಿನ ತೋಟದಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು.

“ಅದು ಕಾಂತೇಶಂದಲ್ವಾ? ತಿಂಗಳಿಂದ ನಿಂತಿತ್ತಲ್ಲ?”

“ಬ್ಯಾಟ್ರಿ ಸತ್ತೋಗಿದೆ ಅಂದಿದ್ದ. ಆಮೇಲೆ ನನ್ ಹತ್ರ ಬರ್ಲಿಲ್ಲ.”

“ಭಾನುವಾರ ಅವ್ನು ಸಂಪಿಗೆಗೆ ಹೋಗಿದ್ನಂತಾ?”

“ಹೊಟ್ಟೆನೋವು ಅಂತ ಮನೇಲೇ ಇದ್ನಂತೆ.”

ವನಜಾಕ್ಷಮ್ಮ ಬಾನೆಟ್ ಮುಚ್ಚಿದರು. ನಾಳೆ ಬೆಳಗ್ಗೆ ಆರು ಗಂಟೆಗೆ ಎಲ್ಲರೂ ಇಲ್ಲೇ ಸೇರಬೇಕೆಂದು ಪರಮಶಿವಯ್ಯನವರಿಗೆ ಹೇಳಿ ಹೊರಟರು.

ಪುಷ್ಯದ ಚಳಿ. ಶುಕ್ರವಾರ ಬೆಳಗ್ಗೆ ಅಂಗಳದಲ್ಲಿ ನಿಂತವರೆಲ್ಲ ತಲೆಗೆ ಟವೆಲ್ ಸುತ್ತಿದ್ದರು. ದುರ್ಗಯ್ಯ ಮಾತ್ರ ಬರಿ ಅಂಗಿಯಲ್ಲಿ, ಯಾರ ಮುಖವನ್ನೂ ನೋಡದೆ ನಿಂತಿದ್ದ.

“ಕಾಂತೇಶ, ಸೋಮವಾರ ಇದೇ ಹೊತ್ತಲ್ವೇನಪ್ಪ ನೀನು ಕಂಡಿದ್ದು? ಬಾನೆಟ್ ಹೆಂಗೆ ಎತ್ತಿದ್ದ, ಒಂದ್ಸಲ ಎತ್ತಿ ತೋರ್ಸು.”

ಕಾಂತೇಶ್ ನಗುತ್ತಲೇ ಬಂದು ಕೈ ಹಾಕಿದ. ಬರಲಿಲ್ಲ. ಬಂಪರಿಗೆ ಕಾಲು ಕೊಟ್ಟು ಎಳೆದ. ಲಾಕ್ ಅಲುಗಲಿಲ್ಲ. ಅವನ ನಗು ಇಳಿಯಿತು.

“ಈರಣ್ಣ, ಈಗ ಹೇಳು. ಲಾಕಿಗೆ ಏನು ಹಾಕಿದ್ದೆ?”

ಎಲ್ಲರೂ ಈರಣ್ಣನ ಕಡೆ ತಿರುಗಿದರು. ಗ್ಯಾರೇಜಿಟ್ಟು ಇಪ್ಪತ್ತೆರಡು ವರ್ಷ. ಕೆಲಸದಲ್ಲಿ ಮೋಸ ಎಂಬ ಮಾತನ್ನು ಅವನು ಕೇಳಿರಲಿಲ್ಲ.

“ಕೊಬ್ಬರಿ ಎಣ್ಣೆ ಕಣ್ರಮ್ಮ. ಗ್ರೀಸ್ ಡಬ್ಬಿ ಅಂಗಡೀಲೇ ಬಿಟ್ಟು ಬಂದಿದ್ದೆ. ಹಳೇ ಜಿಡ್ಡನ್ನ ಸೀಮೆಎಣ್ಣೇಲಿ ತೊಳೀಬೇಕಿತ್ತು, ಅದ್ನೂ ಮಾಡ್ಲಿಲ್ಲ. ಅಡುಗೆಮನೆಯಿಂದ ಒಂದು ಬಟ್ಟಲು ಎಣ್ಣೆ ಇಸ್ಕೊಂಡು ಸುರಿದ್ಬುಟ್ಟೆ. ಬಿಸಿಲಲ್ಲಿ ಬೆಣ್ಣೆ ಹಂಗೆ ಆಡ್ತು, ಹೊಂಟೋದೆ.”

“ಕೇಳಿದ್ರಲ್ಲ ಪರಮಶಿವಯ್ಯ?” ಎಂದರು ವನಜಾಕ್ಷಮ್ಮ. “ನಮ್ಮ ಕಡೆ ಬಾಗಿಲ ಚಿಲಕಕ್ಕೂ ಅದೇ, ಬಾವಿ ರಾಟೆಗೂ ಅದೇ. ಬೇಸಿಗೇಲಿ ನಡೆಯುತ್ತೆ. ಈ ಚಳೀಲಿ ನಿಮ್ಮ ಬಚ್ಚಲಮನೆ ಎಣ್ಣೆ ಬಾಟ್ಲಿ ನೋಡಿ, ಗಟ್ಟಿಯಾಗಿ ಕೂತಿರುತ್ತೆ. ಬಿಸಿಲಿಗಿಡದೆ ಯಾರಾದ್ರೂ ತಲೆಗೆ ಹಚ್ಕೋತೀರಾ? ಲಾಕಿನೊಳಗೂ ಅದೇ ಆಗಿದೆ. ಎಣ್ಣೆ, ಧೂಳು, ತೆಂಗಿನ ನಾರು, ಎಲ್ಲ ಸೇರಿ ಹೆಪ್ಪುಗಟ್ಟಿ ಸ್ಪ್ರಿಂಗನ್ನ ಹಿಡ್ಕೊಂಡಿದೆ.”

ಅವರು ಹಂಡೆಯಿಂದ ಒಂದು ಚೊಂಬು ಬಿಸಿನೀರು ತರಿಸಿ ಲಾಕಿನ ಮೇಲೆ ನಿಧಾನವಾಗಿ ಸುರಿದರು. ಬಾನೆಟ್ಟಿಗೆ ಕೈ ಹಾಕಿ ಎಳೆದರು. ಟಕ್ಕೆಂದು ಬಿಟ್ಟುಕೊಂಡಿತು. ಕೂಡಿದವರಲ್ಲಿ ಯಾರೋ ಅಬ್ಬಾ ಎಂದರು.

“ಬೆಳಗ್ಗೆ ಬಾನೆಟ್ ಬರ್ಲಿಲ್ಲ ಅಂದ ದುರ್ಗಯ್ಯನ ಮಾತು ನಿಜ. ಹನ್ನೊಂದಕ್ಕೆ ಬಿಸಿಲೇರಿತ್ತು, ಅದಕ್ಕೇ ಈರಣ್ಣನಿಗೆ ಬಂತು. ಹಂಗಾದ್ರೆ ಆರು ಗಂಟೆಗೆ ದುರ್ಗಯ್ಯ ಅದನ್ನ ಎತ್ತಿದ್ದು ಕಂಡೆ ಅನ್ನೋನು ಕಾಣದೇ ಇರೋದನ್ನ ಹೇಳ್ತಿದಾನೆ. ಯಾಕೆ ಹೇಳ್ಬೇಕು? ಬ್ಯಾಟ್ರಿ ಹೋಗಿದ್ದು ಬಿಸಿಲಿದ್ದಾಗ, ಅಂದ್ರೆ ಭಾನುವಾರ. ಅವತ್ತು ಹಗಲೆಲ್ಲ ದುರ್ಗಯ್ಯ ನಿಮ್ಮ ಕಾರಲ್ಲೇ ಇದ್ದ. ಮನೇಲಿ ಉಳಿದೋನು ಒಬ್ನೇ. ಅವನ ಸತ್ತೋಗಿದ್ದ ಟ್ರ್ಯಾಕ್ಟರಿಗೆ ಈ ವಾರ ಜೀವ ಬಂದಿದೆ. ಹೋಗಿ ನೋಡ್ಕೊಂಬನ್ನಿ.”

ಪರಮಶಿವಯ್ಯ ತಾವೇ ತೋಟಕ್ಕೆ ಹೋದರು. ಬರುವಾಗ ಬ್ಯಾಟರಿಯನ್ನು ಎದೆಗವಚಿಕೊಂಡು ತಂದರು. ಆಯುಧಪೂಜೆಯಲ್ಲಿ ಹೆಂಡತಿ ಹಚ್ಚಿದ್ದ ಅರಿಶಿನ ಕುಂಕುಮ ಅದರ ಪಕ್ಕದಲ್ಲಿ ಇನ್ನೂ ಅಂಟಿತ್ತು.

“ಒಂದು ದಿನ ಉತ್ಕೊಂಡು ವಾಪಸ್ ಇಡೋಣ ಅಂತಿದ್ದೆ ಭಾವ,” ಎಂದ ಕಾಂತೇಶ್. “ಅಷ್ಟ್ರಲ್ಲಿ ನೀವು ಕೂಗಾಡಿದ್ರಿ. ಹೆದ್ರಿ ಬಾಯಿಗೆ ಬಂದಿದ್ದು ಹೇಳ್ಬುಟ್ಟೆ.”

ಧಣಿ ಬ್ಯಾಟರಿಯನ್ನು ನೆಲಕ್ಕಿಟ್ಟರು. ಲಾರಿಯ ಕೀಯನ್ನು ದುರ್ಗಯ್ಯನ ಕೈಗಿಟ್ಟು, “ತಪ್ಪಾಯ್ತು ಕಣಪ್ಪ” ಎಂದರು.

ದುರ್ಗಯ್ಯ ಕೀ ತೆಗೆದುಕೊಂಡು ಈರಣ್ಣನ ಹತ್ತಿರ ಬಂದ. “ನಿಂಗೆ ಮೊದ್ಲೇ ಗೊತ್ತಾಗಿತ್ತೇನ್ಲಾ?”

“ಸೋಮವಾರ ರಾತ್ರಿ ನಮ್ಮನೆ ಎಣ್ಣೆ ಬಾಟ್ಲಿ ನೋಡಿ ಅನುಮಾನ ಬಂತು,” ಎಂದ ಈರಣ್ಣ. “ಹೆಸರು ಹೋಯ್ತದೆ ಅಂತ ಸುಮ್ನಿದ್ದೆ.”

“ನಿನ್ನ ಹೆಸರು,” ಎಂದ ದುರ್ಗಯ್ಯ. ಅಷ್ಟೇ ಹೇಳಿ ಆಚೆ ತಿರುಗಿದ.

ಬೈದಿದ್ದರೆ ಈರಣ್ಣನಿಗೆ ಎಷ್ಟೋ ವಾಸಿಯಿತ್ತು. ಅವನು ಲಾಕನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜಿ, ಒರೆಸಿ, ಗ್ರೀಸ್ ಹಚ್ಚಿ, ಹತ್ತು ಸಲ ಹಾಕಿ ತೆಗೆದು ನೋಡಿದ. ವನಜಾಕ್ಷಮ್ಮ ಪಕ್ಕದಲ್ಲೇ ನಿಂತಿದ್ದರು.

“ಎಣ್ಣೆ ಅಂತ ನಿಮ್ಗೆ ನಿನ್ನೇನೇ ಗೊತ್ತಾಗಿತ್ತು. ನೀವೇ ಹೇಳ್ಬಹುದಿತ್ತಲ್ಲ?”

“ಹೇಳ್ಬಹುದಿತ್ತು. ನೀನು ಹೇಳ್ತೀಯೋ ಇಲ್ವೋ ನೋಡ್ಬೇಕಿತ್ತು. ಇನ್ನೂ ಒಂದು ಕಡೆ ಹೇಳೋದಿದೆ, ಹೋಗು.”

ಒಂಬತ್ತೂವರೆಗೆ ಈರಣ್ಣನ ಮೊಪೆಡ್ ದುರ್ಗಯ್ಯನ ಮನೆ ಮುಂದೆ ನಿಂತಿತು. ಶಿಲ್ಪ ಹೊಸ್ತಿಲ ಮೇಲೆ ಕೂತಿದ್ದಳು.

“ನಿಮ್ಮಪ್ಪ ಕದ್ದಿಲ್ಲ ಕಣವ್ವ.”

“ನಂಗೆ ಗೊತ್ತು,” ಎಂದಳು ಅವಳು. “ನಮ್ಮ ಕ್ಲಾಸಿನೋರಿಗೆ ಗೊತ್ತಿಲ್ಲ.”

ಅವಳು ಬ್ಯಾಗು ತಂದಳು. ಎಂಟನೇ ತರಗತಿಯ ಬಾಗಿಲಲ್ಲಿ ಮೇಷ್ಟ್ರ ಅಪ್ಪಣೆ ಕೇಳಿ, ಕಪ್ಪಾದ ಕೈಗಳನ್ನು ಹಿಂದೆ ಕಟ್ಟಿಕೊಂಡು, ಈರಣ್ಣ ನಲವತ್ತು ಮಕ್ಕಳ ಮುಂದೆ ನಿಂತ.

“ಶಿಲ್ಪನ ಅಪ್ಪ ಕಳ್ಳ ಅಲ್ಲ,” ಎಂದ. “ಅದು ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದೋನು ನಾನು.”