ದೋಣಿಗಿಂತ ಮುಂಚೆ ಬಂದ ಮಾತು

ಯಮಿಕಾನಿ ಗೋಡೆಯ ಮೇಲಿನ ಪರದೆ ತೋರಿಸಿ ಮಾತಾಡುತ್ತಿದ್ದ. ವೇಜಿ ಎದ್ದುಹೋಗಿ ಇಂಟರ್ನೆಟ್ ವೈರನ್ನು ಕಿತ್ತಳು.

ಸಭೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಅವಳು ವೈರಿನ ತುದಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಈಗ ತೋರ್ಸಿ ಸರ್. ಹೆರಿಗೆ ವಾರ್ಡಿನ ಮೂಲೆ ಬೆಡ್ಡಿನ ತಾಯಿಗೆ ಬೆಳಿಗ್ಗೆ ಏನು ಔಷಧಿ ಕೊಟ್ವಿ?"

ಅವನು ಕೀ ಒತ್ತಿದ. ಬಿಳಿ ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಅವನಿಗೆ ಸಿಟ್ಟು ಬರುತ್ತದೆ ಎಂದು ವೇಜಿ ಕಾದಳು. ಅವನು ಚಕ್ರವನ್ನು ಬಿಟ್ಟು ಅವಳನ್ನು ನೋಡಿದ. ಬೆಟ್ಟದ ತಿರುವಿನಲ್ಲಿ ಮೊದಲ ಸಲ ಸರೋವರ ಕಂಡವರು ಬಸ್ಸಿನಿಂದ ನೋಡುತ್ತಾರಲ್ಲ, ಹಾಗೆ.

"ತೋರ್ಸೋಕಾಗಲ್ಲ," ಎಂದ. "ನಾನು ಇದನ್ನ ಮೊದಲೇ ಯೋಚಿಸ್ಬೇಕಿತ್ತು."

ವೇಜಿಯ ಕೈಯಲ್ಲಿ ವೈರು ಸುಮ್ಮನೆ ಉಳಿಯಿತು. ಜಗಳಕ್ಕೆ ಸಿದ್ಧವಾಗಿ ಬಂದವಳಿಗೆ ಎದುರಾಳಿಯೇ ಇಲ್ಲದಂತಾಯಿತು.

ಮಲಾವಿ ಸರೋವರದ ದಂಡೆಯಲ್ಲಿ, ಬೆಟ್ಟದ ಮೇಲಿರುವ ಆ ಮಿಷನ್ ಆಸ್ಪತ್ರೆಯಲ್ಲಿ ಅವಳು ಆಪರೇಷನ್ನಿಗೆ ಅರಿವಳಿಕೆ ಕೊಡುವವಳು. ಯಮಿಕಾನಿ ರಾಜಧಾನಿ ಲಿಲೊಂಗ್ವೆಯಿಂದ ಬಂದಿದ್ದ. ಆಸ್ಪತ್ರೆಗೆ ಯಾವ ಸಾಫ್ಟ್‌ವೇರ್ ಹೊಂದುತ್ತದೆ ಎಂದು ಹೇಳುವುದು ಅವನ ಕೆಲಸ. ಹಾದಿ ಎರಡಿದ್ದವು. ಒಂದು ಕ್ಲೌಡ್: ರೋಗಿಗಳ ವಿವರವೆಲ್ಲ ಎಲ್ಲೋ ದೂರದ ದೊಡ್ಡ ಯಂತ್ರಗಳಲ್ಲಿರುತ್ತದೆ, ಇಂಟರ್ನೆಟ್ ಇರುವ ಯಾವ ಆಸ್ಪತ್ರೆಯಿಂದಲಾದರೂ ನೋಡಬಹುದು. ಇನ್ನೊಂದು, ಆಸ್ಪತ್ರೆಯದೇ ಒಂದು ಕೋಣೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಳ್ಳುವುದು. ಅವನು ಕ್ಲೌಡ್ ಎನ್ನುತ್ತಿದ್ದ. ತೆಂಕಣ ಗಾಳಿ ಎದ್ದರೆ ದಿನಗಟ್ಟಲೆ ಲೈನು ಸತ್ತುಬೀಳುವ ಊರಿನವಳಾದ ವೇಜಿ ಸರ್ವರ್ ಎನ್ನುತ್ತಿದ್ದಳು.

ಹಿರಿಯ ಡಾಕ್ಟರು ಮ್ಸಿಸ್ಕಾ ಕನ್ನಡಕ ತೆಗೆದು ಒರೆಸಿಕೊಂಡರು. ಎರಡನ್ನೂ ಇಲ್ಲೇ ನಡೆಸಿ ನೋಡಿ, ಆಮೇಲೆ ಹೇಳಿ ಎಂದು ಅವನಿಗೆ ಅಪ್ಪಣೆ ಮಾಡಿದರು. ವೇಜಿಯನ್ನು ಅವನ ಜೊತೆಗೆ ಹಾಕಿದರು. ಅವಳ ಕೈಗೆ ವೈರು ಸಿಗದ ಹಾಗೆ ನೋಡಿಕೊಳ್ಳಲು ಅವನಿಗೂ ಒಂದು ಮಾತು ಹೇಳಿದರು.

ಹೀಗೆ ಅವರ ತಿರುಗಾಟ ಶುರುವಾಯಿತು. ಔಷಧಿ ಕೋಣೆ, ಲ್ಯಾಬ್, ಹೆರಿಗೆ ವಾರ್ಡು. ಅವನು ಪ್ರಶ್ನೆ ಕೇಳಿ ಉತ್ತರ ಮುಗಿಯುವವರೆಗೂ ಕಾಯುತ್ತಿದ್ದ. ಕಾಯುವಾಗ ತಲೆ ಕೊಂಚ ಓರೆಯಾಗುತ್ತಿತ್ತು. ಆ ಓರೆ ತಲೆಯನ್ನು ನೋಡುವುದಕ್ಕೆಂದೇ ವೇಜಿ ಕೆಲವು ಉತ್ತರಗಳನ್ನು ಉದ್ದ ಮಾಡಿದಳು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ನ್ಸಿಮಾ ಮುದ್ದೆ ಮುರಿಯುತ್ತಿದ್ದಾಗ ಅವನ ಕೈ ತಟ್ಟೆಯ ಮೇಲೇ ನಿಂತಿತು. ಸರೋವರದ ನಡುವಿನಿಂದ ಕಪ್ಪು ಕಂಬವೊಂದು ಏಳುತ್ತಿತ್ತು. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ನೀರಿಗೇ ಬೆಂಕಿ ಬಿದ್ದು ಹೊಗೆ ಆಕಾಶ ಮುಟ್ಟಿದಂತಿತ್ತು. ಡೆಡ್ಜಾದ ಗುಡ್ಡಗಳಲ್ಲಿ ಬೆಳೆದ ಯಮಿಕಾನಿ ಇಂಥದ್ದನ್ನು ಕಂಡಿರಲಿಲ್ಲ. ಅದು ಹೊಗೆಯಲ್ಲ, ನೀರಿನಿಂದ ಒಮ್ಮೆಗೇ ಹೊರಟ ನುಸಿಗಳ ಹಿಂಡು ಎಂದು ವೇಜಿ ಹೇಳಿದಳು. ಅವನು ಎದ್ದು ನಿಂತ. ಜಗಲಿಯ ಅಂಚಿಗೆ ಹೋಗಿ ಕಣ್ಣರಳಿಸಿ ನೋಡಿದ.

"ನಿಮ್ಮ ಕಡೆ ಮೋಡ ನೀರೊಳಗಿಂದ್ಲೇ ಎದ್ದು ಬರುತ್ತಲ್ಲ ಮೇಡಂ."

"ಹೂಂ. ದಡಕ್ಕೆ ಬಂದ್ರೆ ಬಾಣಲೆ ಬೀಸಿ ಹಿಡಿದು, ತಟ್ಟಿ ಸುಟ್ಟು ತಿಂತೀವಿ. ನಿಮ್ಮ ಕ್ಲೌಡು ಹುಷಾರು."

ಅವನು ನಕ್ಕ. ನಗುತ್ತಲೇ ಮತ್ತೆ ಆ ಕಂಬಗಳತ್ತ ತಿರುಗಿದ. ಹುಟ್ಟಿದಾಗಿನಿಂದ ನೋಡಿದ್ದನ್ನು ವೇಜಿ ಅಂದು ಅವನ ಮುಖದಲ್ಲಿ ಹೊಸದಾಗಿ ನೋಡಿದಳು.

ಸ್ವಂತ ಸರ್ವರ್ ತಂದರೆ ಅದನ್ನು ನೋಡಿಕೊಳ್ಳಲು ಒಬ್ಬರು ಇಲ್ಲೇ ಇರಬೇಕಾಗುತ್ತದೆ, ಯಮಿಕಾನಿಯನ್ನೇ ಕೇಳಿದ್ದೇನೆ ಎಂದು ಮ್ಸಿಸ್ಕಾ ಡಾಕ್ಟರು ಅವಳಿಗೆ ಹೇಳಿದ್ದು ಆ ವಾರವೇ. ಕ್ಲೌಡಾದರೆ ಅವನು ಹೊರಟ. ಲಿಲೊಂಗ್ವೆಯಿಂದಲೇ ಎಲ್ಲ ನೋಡಿಕೊಳ್ಳಬಹುದು.

ಅಂದಿನಿಂದ ಅವಳ ವಾದ ಅವಳಿಗೇ ಸಿಹಿಯಾಯಿತು. ಸರ್ವರ್ ಎನ್ನುವಾಗಲೆಲ್ಲ ಕೆನ್ನೆ ಬಿಸಿಯಾಗುತ್ತಿತ್ತು. ತನ್ನ ಮಾತಿನಲ್ಲಿ ಎಷ್ಟು ಪಾಲು ರೋಗಿಗಳದ್ದು, ಎಷ್ಟು ಅವನದ್ದು ಎಂದು ಕೇಳಿಕೊಳ್ಳಲು ಅಂಜಿದಳು.

ಗಾಳಿ ಎದ್ದ ದಿನ ದ್ವೀಪದ ಚಿಕ್ಕ ಕ್ಲಿನಿಕ್ಕಿನ ನರ್ಸು ಫೋನು ಮಾಡಿದಳು. ಎಟ್ನೆಸ್ ಎಂಬ ತುಂಬು ಬಸುರಿಗೆ ವಿಪರೀತ ರಕ್ತ ಹೋಗುತ್ತಿದೆ, ಮೋಟಾರು ದೋಣಿ ಹತ್ತಿಸಿದ್ದೇನೆ. ಅಷ್ಟು ಹೇಳುವುದರೊಳಗೆ ಮಾತು ಕಡಿಯಿತು. ಎಟ್ನೆಸ್ ಆ ದ್ವೀಪಕ್ಕೆ ಹೊಸಬಳು. ಗಂಡ ಮೀನಿಗೆ ಹೋಗಿದ್ದ. ಅವಳ ಹಿಂದುಮುಂದು ತಿಳಿದವರು ದೋಣಿಯಲ್ಲಿ ಯಾರೂ ಇರಲಿಲ್ಲ.

ಕಿಟಕಿಯಿಂದ ನೋಡಿದರೆ ಬಿಳಿ ಅಲೆಗಳ ನಡುವೆ ಸಾಸಿವೆ ಕಾಳಿನಷ್ಟು ದೋಣಿ. ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

"ವೇಜಿ, ಬನ್ನಿ ಇಲ್ಲಿ," ಎಂದ ಯಮಿಕಾನಿ. ಮೇಡಂ ಎನ್ನುವುದನ್ನು ಮರೆತಿದ್ದ.

ಅವನ ಕಂಪ್ಯೂಟರಿನಲ್ಲಿ ಎಟ್ನೆಸ್ ಇದ್ದಳು. ಪರೀಕ್ಷೆಗೆಂದು ಅವನು ದ್ವೀಪದ ಕ್ಲಿನಿಕ್ಕಿಗೂ ಕ್ಲೌಡ್ ಜೋಡಿಸಿಕೊಟ್ಟಿದ್ದ. ದ್ವೀಪದ ನರ್ಸು ದೋಣಿ ಹೊರಡುವ ಮೊದಲೇ ಅವಳ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಕ್ಲೌಡಿಗೆ ತುಂಬಿದ್ದಳು. ಅದು ಹುಡುಕಿ ಅವಳ ಹಳೆಯ ಕತೆಯನ್ನು ತಂದಿಟ್ಟಿತ್ತು. ದೇಶದ ಕೆಳತುದಿಯಲ್ಲಿ ಇದೇ ಕ್ಲೌಡ್ ಬಳಸುವ ಇನ್ನೊಂದು ಮಿಷನ್ ಆಸ್ಪತ್ರೆಯಲ್ಲಿ ಅವಳ ಮೊದಲ ಹೆರಿಗೆ ಆಗಿತ್ತು. ರಕ್ತದ ಗುಂಪು ಇತ್ತು. ಹೊಟ್ಟೆ ಕೊಯ್ದು ಮಗು ತೆಗೆದದ್ದಿತ್ತು. ಕೊನೆಯಲ್ಲಿ ಅಲ್ಲಿನ ಅರಿವಳಿಕೆಯವರು ಬರೆದಿದ್ದರು: ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಈ ತಾಯಿ ಗಂಟೆಗಟ್ಟಲೆ ತಾನಾಗಿ ಉಸಿರಾಡಲಿಲ್ಲ. ಮುಂದೆ ಯಾರೇ ನೋಡಿದರೂ ಇದನ್ನು ಕೊಡಬೇಡಿ.

ವೇಜಿ ಕುರ್ಚಿಗೆ ಕೈಯೂರಿದಳು. ಅದೇ ಇಂಜೆಕ್ಷನ್ನನ್ನು ಅವಳು ಆಗಲೇ ಟ್ರೇಯಲ್ಲಿ ತೆಗೆದಿಟ್ಟು ಬಂದಿದ್ದಳು. ಇಲ್ಲಿ ಗಂಟೆಗಟ್ಟಲೆ ಉಸಿರು ಕೊಡುವ ಯಂತ್ರವಿರಲಿಲ್ಲ.

ಮುಂದೆ ಯಾರೇ ನೋಡಿದರೂ. ಅವಳು ಎಂದೂ ಕಾಣದ ಯಾರೋ, ವರ್ಷಗಳ ಹಿಂದೆ, ಕೆಲಸ ಮುಗಿಸಿ ಕೈ ತೊಳೆದುಕೊಂಡು ಕೂತು, ವೇಜಿಗಾಗಿಯೇ ಬರೆದಿಟ್ಟಂತಿತ್ತು. ದೋಣಿ ಇನ್ನೂ ಅಲೆಗಳ ಮೇಲಿತ್ತು. ಮಾತು ಮಾತ್ರ ದಡ ಸೇರಿತ್ತು. ಆ ತಾಯಿಯನ್ನು ಮುಟ್ಟುವ ಮೊದಲೇ ವೇಜಿಗೆ ಅವಳ ರಕ್ತ ಗೊತ್ತು, ಉಸಿರು ಗೊತ್ತು. ಚರ್ಚಿನಲ್ಲೂ ಬಗ್ಗದ ವೇಜಿಯ ತಲೆ ತಾನಾಗಿ ಬಗ್ಗಿತು.

ಆಮೇಲೆ ನಿಲ್ಲಲು ಹೊತ್ತಿರಲಿಲ್ಲ. ಹೊಂದುವ ರಕ್ತದವರನ್ನು ಕರೆಸಿದರು. ಯಮಿಕಾನಿಯ ರಕ್ತವೂ ಹೊಂದಿತು, ಅವನು ತೋಳು ಚಾಚಿದ. ವೇಜಿ ಬೇರೆ ಔಷಧಿಯಿಂದ ಎಟ್ನೆಸ್‌ಳನ್ನು ಮಲಗಿಸಿ, ಮ್ಸಿಸ್ಕಾ ಡಾಕ್ಟರು ಹೊಲಿಗೆ ಮುಗಿಸುವವರೆಗೂ ಅವಳ ಎದೆಯ ಏರಿಳಿತದಿಂದ ಕಣ್ಣು ಕೀಳಲಿಲ್ಲ. ಮಗು ಮೊದಲು ಮುಲುಗಿತು. ಆಮೇಲೆ ಇಡೀ ಬೆಟ್ಟಕ್ಕೆ ಕೇಳುವಂತೆ ಅತ್ತಿತು.

ಸಂಜೆಗೆ ಗಾಳಿ ಮರವೊಂದನ್ನು ಲೈನಿನ ಮೇಲೆ ಕೆಡವಿತು. ಇಂಟರ್ನೆಟ್ ಹೋಯಿತು. ಪರದೆಯ ಮೇಲೆ ಚಕ್ರ ಸುತ್ತತೊಡಗಿದಾಗ ತೋಳಿಗೆ ಹತ್ತಿ ಅಂಟಿಸಿಕೊಂಡಿದ್ದ ಯಮಿಕಾನಿಯ ಮುಖ ಬಿಳಿಚಿಕೊಂಡಿತು.

ಮತ್ತೆ ಸಭೆ ಸೇರಿದಾಗ ವಿಚಿತ್ರವೇ ನಡೆಯಿತು. ಯಮಿಕಾನಿ ಎದ್ದು, ಸ್ವಂತ ಸರ್ವರೇ ಸರಿ ಎಂದ. ಮರ ಸ್ವಲ್ಪ ಮುಂಚೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ. ವೇಜಿ ಎದ್ದು, ಕ್ಲೌಡೇ ಬೇಕು ಎಂದಳು. ನಮ್ಮ ಕೋಣೆಯ ಸರ್ವರಿಗೆ ಆ ದೂರದ ಆಸ್ಪತ್ರೆಯ ಮಾತು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದಳು. ಮ್ಸಿಸ್ಕಾ ಡಾಕ್ಟರು ಒಬ್ಬರನ್ನೊಬ್ಬರು ನೋಡದೆ ನಿಂತ ಇಬ್ಬರನ್ನೂ ನೋಡಿದರು. ಹೊರಗೆ ಹೋಗಿ ಮೊದಲು ನಿಮ್ಮ ನಿಮ್ಮಲ್ಲೇ ತೀರ್ಮಾನ ಮಾಡ್ಕೊಂಡು ಬನ್ನಿ ಎಂದರು.

ಜಗಲಿಯಲ್ಲಿ ಗಾಳಿ ನಿಂತಿತ್ತು. ಸರೋವರ ಏನೂ ಆಗಿಲ್ಲವೆಂಬಂತೆ ಮಲಗಿತ್ತು.

"ನಿಜ ಹೇಳಿ," ಎಂದಳು ವೇಜಿ. "ಮರ ಬಿದ್ದಿದ್ದಕ್ಕೆ ಸರ್ವರ್ ಅಂತಿದೀರೋ, ಇಲ್ಲೇ ಉಳ್ಕೊಳ್ಳೋದಕ್ಕೋ?"

ಅವನು ತಲೆ ಓರೆ ಮಾಡಿದ. ಈ ಸಲ ಉತ್ತರ ಅವನದೇ ಆಗಿತ್ತು.

"ಮರ ಬಿದ್ದಿದ್ದೂ ನಿಜ. ಆದ್ರೆ ಆ ಮರ ಬಿದ್ದಾಗ ಒಳಗೊಳಗೇ ಸ್ವಲ್ಪ ಖುಷಿ ಆಯ್ತು, ವೇಜಿ. ಇನ್ನು ಹೋಗೋದು ಬೇಡ ಅಂತ. ಅದಕ್ಕೆ ನಾಚಿಕೇನೂ ಆಯ್ತು. ನೀವು ಕ್ಲೌಡ್ ಅಂದ್ರಲ್ಲ, ನಾನು ಹೊರಟ್ರೂ ಪರವಾಗಿಲ್ವಾ?"

"ಬೇಜಾರಾಗುತ್ತೆ," ಎಂದಳು ವೇಜಿ. "ತುಂಬಾ. ಆದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ಎಟ್ನೆಸ್ ಥರದವ್ರನ್ನ ಪಣಕ್ಕಿಡಲ್ಲ. ನೀವೂ ಇಡಬೇಡಿ. ಇಲ್ಲಿಗೆ ಬರೋಕೆ ನಿಮಗೆ ಸರ್ವರ್ ನೆಪ ಯಾಕೆ? ನಾನಿದೀನಲ್ಲ."

ಅವನು ಅವಳನ್ನು ನೋಡಿದ. ನುಸಿಯ ಕಂಬಗಳನ್ನೂ ಹೀಗೆಯೇ ಕಣ್ಣರಳಿಸಿ ನೋಡಿದ್ದ. ಆಗ ಸರೋವರವನ್ನು ನೋಡುತ್ತಿದ್ದ ಅಷ್ಟೇ. ವೇಜಿ ಕಣ್ಣು ತಗ್ಗಿಸಲಿಲ್ಲ. ಅವನ ಬೆರಳು ಅವಳ ಬೆರಳಿನ ತುದಿಯನ್ನು ತಾಕಿತು, ಹೌದೋ ಅಲ್ಲವೋ ಎಂಬಷ್ಟು.

ಒಳಗೆ ಹೋಗಿ ಇಬ್ಬರೂ ಒಂದೇ ಮಾತು ಹೇಳಿದರು. ಕ್ಲೌಡೇ ಇರಲಿ. ಲೈನು ಸತ್ತಾಗ ನಮ್ಮ ರೋಗಿಗಳ ವಿವರ ಕೈತಪ್ಪದಂತೆ ಒಂದು ನಕಲು ಮಾತ್ರ ಚಿಕ್ಕ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಇಲ್ಲಿರಲಿ. ಅದನ್ನು ಕಾಯಲು ಯಾರೂ ಬೇಕಿರಲಿಲ್ಲ. ಯಮಿಕಾನಿ ಪೆಟ್ಟಿಗೆ ಕೂರಿಸಿ, ಎಲ್ಲರಿಗೂ ಕಲಿಸಿ, ಬಸ್ಸು ಹತ್ತಿದ. ಎಟ್ನೆಸ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ವಾರ ದ್ವೀಪಕ್ಕೆ ಮರಳಿದಳು.

ಮಳೆ ಶುರುವಾಗುವ ಮುನ್ನ ಒಂದು ಭಾನುವಾರ ವೇಜಿಯ ಮನೆಯ ಮುಂದೆ ಅವನು ಬಂದಿಳಿದ. ಲ್ಯಾಪ್‌ಟಾಪಿನ ಚೀಲವಿರಲಿಲ್ಲ. ಜೊತೆಗೆ ಅವನ ಸೋದರಮಾವ ಇದ್ದರು, ಬಿಸಿಲಲ್ಲೂ ಕೋಟು ತೊಟ್ಟು, ಹೆಣ್ಣು ಕೇಳಲು ಬಂದವರ ಗಾಂಭೀರ್ಯದಲ್ಲಿ.

ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ವೇಜಿಯ ಸೋದರತ್ತೆ ಕಣ್ಣಿಗೆ ಕೈ ಮರೆಮಾಡಿ ನೋಡಿದಳು.

"ಆ ಕಂಪ್ಯೂಟರ್ ಮನುಷ್ಯ ಅಲ್ವೇನೇ ಅದು? ಏನು ಕೆಟ್ಟೋಗಿದ್ಯಂತೆ?"

"ಏನೂ ಕೆಟ್ಟಿಲ್ಲ ಅತ್ತೆ," ಎಂದಳು ವೇಜಿ, ಬಾಗಿಲಲ್ಲೇ ನಿಂತು. "ಎಲ್ಲಾ ಚೆನ್ನಾಗಿ ನಡೀತಿದೆ. ಅದಕ್ಕೇ ಬಂದಿದಾರೆ."