ಹಳದಿ ಬಣ್ಣವಿಲ್ಲದ ನಟ್ಟು

"ಕಾರು ಬಿಟ್ಟು ಹೋಗಿ. ಸಂಜೆ ಬನ್ನಿ."

ಎರಡು ವರ್ಷದ ಮೇಲೆ ಮೆಕ್ಯಾನಿಕ್ ಅವಳೊಡನೆ ಆಡಿದ ಮೊದಲ ಮಾತು. ಬನ್ನಿಯಂತೆ! 'ಬಾರೇ' ಎನ್ನುತ್ತಿದ್ದವನು...

ಅವಳು ಕದಲಲಿಲ್ಲ.

"ಇಲ್ಲೇ ನಿಂತಿರ್ತೀನಿ. ನಿಮ್ಮ ಕೆಲಸ ನಂಬಿ ಅಪ್ಪನ್ನ ಕಳ್ಕೊಂಡೆ. ನಾಳೆ ಅಮ್ಮನ್ನ ಇದರಲ್ಲೇ ಮಲಗಿಸ್ಕೊಂಡು ಆಸ್ಪತ್ರೆಗೆ ಹೋಗ್ಬೇಕು. ಆವತ್ತು ಟಯರು ಬದಲಿಸಿದ್ದು ಬಿಟ್ರೆ ಇದನ್ನ ಯಾರೂ ಮುಟ್ಟಿಲ್ಲ. ಈ ಹಳೇ ಗಾಡಿ ಬೇರೆ ಯಾರಿಗೂ ತಿಳಿಯಲ್ಲ, ಅದಕ್ಕೆ ಬಂದೆ."

ಅವನು ತಲೆ ಬಗ್ಗಿಸಿ ಜಾಕ್ ಎಳೆದುಕೊಂಡ. ಅದೇ ಅವಳಿಗೆ ಉರಿ. ತಪ್ಪಿಲ್ಲದವನಿಗೆ ಬಾಯಿಲ್ಲವೇ?

ಎರಡು ವರ್ಷದ ಹಿಂದೆ ಎದೆನೋವಿನ ಅಪ್ಪನನ್ನು ಇದೇ ಉದ್ದನೆಯ ಸ್ಟೇಷನ್ ವ್ಯಾಗನ್ನಿನ ಹಿಂದೆ ಮಲಗಿಸಿ ಹೊರಟಿದ್ದರು. ಮನೆಮಂದಿಯ ಭಾರಕ್ಕೆ ಹಿಂಭಾಗ ಕುಸಿದು, ಟಯರು ತಗಡಿಗೆ ಉಜ್ಜಿ ಸಿಡಿಯಿತು. ಅಪ್ಪ ರಸ್ತೆಯಲ್ಲೇ ಹೋದರು. ತಿಂಗಳ ಹಿಂದಷ್ಟೇ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಿದ್ದವನು ಇವನು. ಹೆಣದ ಮುಂದೆಯೇ ಅವಳು ಇವನನ್ನು ಕೊಲೆಗಾರ ಎಂದಿದ್ದಳು.

ಕಾರೆತ್ತಿ, ಚಕ್ರ ಬಿಚ್ಚಿ, ಅವನು ಟಾರ್ಚ್ ಬೆಳಕು ಬಿಟ್ಟ. ಬೆರಳಿಂದ ಒಂದು ನಟ್ಟು ಒರೆಸಿ ನೋಡಿದ.

"ಈ ಶಾಕ್ ನಾನು ಹಾಕಿದ್ದಲ್ಲ..."

"ಈಗ ಹಾಗಂತೀರಾ!"

"ಇಲ್ನೋಡಿ. ಈ ಗಾಡಿ ಸ್ಪ್ರಿಂಗ್ ತೆಳು. ಬೇರೆ ಕಾರಿನ ಹಾಗಲ್ಲ, ಇದರಲ್ಲಿ ಹಿಂದಿನ ಭಾರ ಹೊರೋದೇ ತೋಳಿನಷ್ಟು ದಪ್ಪದ ಶಾಕು. ನಾನು ಹಾಕಿದ್ದು ಅದೇ. ಇದು ಮಾಮೂಲಿ ಕಾರಿನದು. ನಾನು ಬಿಗಿದ ನಟ್ಟಿಗೆಲ್ಲ ಹಳದಿ ಬಣ್ಣ ಬಳೀತೀನಿ, ನಿಮಗೇ ಗೊತ್ತು. ಇದಕ್ಕಿದೆಯಾ?"

ಇರಲಿಲ್ಲ.

ಅವಳಿಗೆ ನೆನಪಾಯಿತು. ಸಾಯುವ ವಾರದ ಮುಂಚೆ, ಇವರಿಬ್ಬರ ಪ್ರೀತಿ ಗೊತ್ತಾದ ಮರುದಿನವೇ ಅಪ್ಪ ಕಾರು ಒಯ್ದು ಸಂಜೆಗೆ ತಂದಿದ್ದರು. 'ಅವನು ಮುಟ್ಟಿದ ಒಂದು ಸಾಮಾನೂ ನನ್ನ ಗಾಡೀಲಿ ಇರಕೂಡದು' ಎಂದಿದ್ದರು. ಕೋಪದ ಮಾತೆಂದುಕೊಂಡಿದ್ದಳು.

ಮಾಡಿಯೇ ಬಿಟ್ಟಿದ್ದರು! ಎಲ್ಲೋ, ಯಾರ ಕೈಲೋ... ಗಾಡಿ ಯಾವ ಥರದ್ದೆಂದು ನೋಡದ ಯಾವನ ಕೈಲೋ!

ಅವಳು ಎಲ್ಲವನ್ನೂ ಅವನಿಗೆ ಹೇಳಿದಳು. "ಆವತ್ತೇ ಯಾಕೆ ಜಗಳ ಆಡ್ಲಿಲ್ಲ ನೀನು?"

"ಏನಂತ ಆಡಲಿ? ನಾನೇ ಕೊಂದೆ ಅಂದ್ಕೊಂಡಿದ್ದೆ. ಎರಡು ವರ್ಷದಿಂದ ಯಾವ ಗಾಡಿ ಹಿಂಭಾಗಾನೂ ಬಿಚ್ಚಿಲ್ಲ."

"ಆ ಮಾತು... ವಾಪಸ್ ತಗೋತೀನಿ ಕಣೋ."

"ತಗೊಂಡ್ರೆ ನಿಮ್ಮಪ್ಪ ಬರ್ತಾರಾ?"

"ಬರಲ್ಲ. ನೀನು ಬರ್ತೀಯಾ?"

ಅವನು ಶೆಡ್ಡಿನ ಹಿಂದಿದ್ದ ಅದೇ ಥರದ ಮುರುಕು ಕಾರಿನಿಂದ ಎರಡು ದಪ್ಪ ಶಾಕ್ ಬಿಚ್ಚಿ ತಂದು ಜೋಡಿಸಿದ. ಚಕ್ರ ಹಾಕಿ, ಕಾರು ಇಳಿಸಿ, ಹಿಂದೆ ತಾನೇ ಕೂತು ಕುಲುಕಿ ನೋಡಿದ. ಕುಸಿಯಲಿಲ್ಲ.

"ನಾಳೆ ನಾನೇ ಓಡಿಸ್ತೀನಿ. ನೀನು ಅಮ್ಮನ ಪಕ್ಕ ಕೂತ್ಕೋ."

ಅವಳು ಹಳದಿ ಡಬ್ಬಿಯ ಮುಚ್ಚಳ ತೆಗೆದು, ಕಾರಿನಡಿಗೆ ತೂರಿ, ನಟ್ಟಿಗೆ ಬಣ್ಣ ಬಳಿದಳು.

"ಸಾಕಾ...?"

"ಆ ಕಡೆ ಇನ್ನೂ ಇದೆ," ಎಂದು ಅವನು ಅತ್ತ ಟಾರ್ಚ್ ಹಿಡಿದ. "ಬಾರೇ..."